ಮಾಳಗಿ ಮ್ಯಾಲ ಕೂತು ಮಂಗ್ಯಾನ ಮನಿತನ ತಿಳ್ಕೊಳ್ಳೂದು ಹೆಂಗ

ಎರಡು ವರ್ಷದ ಹಿಂದ ಬ್ಯಾಸಗ್ಯಾಗ ನಮ್ಮವ್ವ ಮಾಳಗಿ ಮ್ಯಾಲ ಒಣಗ್ಲಾಕ ಹಾಕಿದ್ದ ಸಂಡಗಿ ಪೂರಾ ಮಂಗ್ಯಾಗಳ ಪಾಲಾತು, ಮರುದಿನ ಬಡಗಿ ಹಿಡ್ಕೊಂಡು ಕಾಯ್ಲಾಕ ಕೂತಾಂವ ಹಂಗೇ ನೋಡಕೋತ ಉಳದೆ. ಇದಕ್ಕ ಚಿಂಚೋಳಿ ಕಾಡಿಗೆ ಹೋಗೂದೇನು ಬ್ಯಾಡ್ರಿ, ಓಣ್ಯಾಗ ಒಂದು ಬೇವಿನ ಗಿಡ, ಒಂದು ನೋಟ್‌ಬುಕ್ಕು, ಸಿಕ್ರ ಒಂದು ದುರ್ಬೀನು, ಸಾಕು.

ಮೊದ್ಲು ಯಾವ ಜಾತಿ ಅಂತ ನೋಡ್ರಿ. ಕರೀ ಮುಖ, ಬೂದಿ ಮೈ, ಉದ್ದ ಬಾಲ ಇದ್ರ ಅದು ಮುಸ್ಯಾ. ತಲಿ ಮ್ಯಾಲ ಬೈತಲಿ ತಗದು ಟೊಪಗಿ ಇಟ್ಟಂಗ ಕೂದಲು, ಬಾಲ ಮೈಗಿಂತ ಉದ್ದ, ಅದು ನಮ್ಮ ದಕ್ಷಿಣದ ಮಂಗ್ಯಾ. ಬಾಲ ಮೈಯ ಅರ್ಧದಷ್ಟೇ ಇದ್ದು ಕುಂಡಿ ಕೆಂಪಿದ್ರ ಅದು ಉತ್ತರದ್ದು, ರೀಸಸ್ ಅಂತಾರ, ವರ್ಷದಿಂದ ವರ್ಷಕ್ಕ ದಕ್ಷಿಣಕ್ಕ ಸರಕೋತ ಬರ್ಲಿಕತ್ತದ.

ಟೈಮು ಮುಂಜಾನಿ 9ರ ಒಳಗ, ಇಲ್ಲಾಂದ್ರ ಸಂಜಿ 4ರ ಮ್ಯಾಲ. ನಮ್ಮ ಮೇ ಬಿಸಿಲಿಗೆ ಮಧ್ಯಾಹ್ನ ಅವೂ ನೆಳ್ಳಾಗ ಮಲಗ್ತಾವ, ನೀವೂ ಮಲಗ್ರಿ. ಮುಸ್ಯಾ ಎಲ್ಲವ ಅಂತ ಗೊತ್ತಿಲ್ಲಂದ್ರ ಬೆಳಗಾಗೂ ಮುಂದ ಕಿವಿ ಕೊಡ್ರಿ, ಗಂಡು ಹೂಪ್ ಹೂಪ್ ಅಂತ ಕೂಗೂದು ಭಾಳ ದೂರ ಕೇಳ್ತದ.

ಇನ್ನ ಖರೇ ಕೆಲಸ. ಒಂದೊಂದಕ್ಕ ಹೆಸರಿಡ್ರಿ, ಹರಕ ಕಿವಿ, ಮೊಂಡ ಬಾಲ, ಕುಂಟ ಕಾಲು, ಹಿಂಗ ಗುರ್ತು ಹಿಡದು. ಹೆಸರಿಲ್ಲಂದ್ರ ಯಾರು ಬಂದ್ರು ಯಾರು ಹೋದ್ರು ಗೊತ್ತೇ ಆಗಲ್ಲ. ಆಮ್ಯಾಲ 10 ನಿಮಿಷಕ್ಕೊಮ್ಮೆ ತಲಿ ಎತ್ತಿ ಆ ಕ್ಷಣಕ್ಕ ಯಾರು ಯಾರ ಬಾಜೂಕ ಕೂತಾರ, ಯಾರು ಯಾರ ಹೇನು ತಗೀಲಿಕತ್ತಾರ, ಯಾರು ಬಂದ್ರ ಯಾರು ಜಾಗ ಬಿಟ್ಟು ಏಳ್ತಾರ, ಅಷ್ಟೇ ಬರೀರಿ. ಜಗಳ ಕಂಡಾಗಷ್ಟೇ ಬರದ್ರ ದಿನಾ ಪೂರಾ ಜಗಳೇ ಆದಂಗ ಕಾಣ್ತದ, ನಾ ಮೊದಲ ತಿಂಗಳು ಇದೇ ತಪ್ಪು ಮಾಡಿದ್ದೆ.

ಎಲ್ಲರೂ ದೊಡ್ಡ ಗಂಡು ನೋಡಿ ಇದೇ ಗೌಡ ಅಂತಾರ. ಗೌಡ ಅಲ್ರಿ, ಮನಿ ಅಳಿಯಾ ಅದು! ಮಂಗ್ಯಾದಾಗೂ ಮುಸ್ಯಾದಾಗೂ ಹೆಣ್ಣು ಹುಟ್ಟಿದ ಗುಂಪಿನಾಗೇ ಉಳೀತಾವ, ಗಂಡು ಹರೇಕ್ಕ ಬಂದ ಮ್ಯಾಲ ಬ್ಯಾರೆ ಗುಂಪಿಗೆ ಹೋಗ್ತಾವ. ಅವ್ವ, ಮಗಳು, ಮೊಮ್ಮಗಳು ಒಂದೇ ಗಿಡದಾಗ, ಅಳಿಯಾಗೋಳು ಹೊರಗಿನವ್ರು. ಒಂದೇ ರಕ್ತದಾಗ ಕೂಡೂದು ತಪ್ಪತದ, ಹೊರಗ ಹೆಣ್ಣೂ ಸಿಗ್ತಾವ, ಅದಕ್ಕ ಹೋಗ್ತಾವ. ಹಂಗಾಗಿ ಮಂಗ್ಯಾದಾಗ ಹೆಣ್ಣಿನ ದರ್ಜಾ ಅವ್ವನಿಂದ ಬರ್ತದ, ದೊಡ್ಡ ಮನಿ ಹೆಣ್ಮರಿ ಬಂದ್ರ ಮುದುಕಿ ಸೈತ ಎದ್ದು ಜಾಗ ಬಿಡೂದು ನೋಡ್ರಿ. ನಮ್ಮ ದಕ್ಷಿಣದ ಮಂಗ್ಯಾದಾಗ ಮಾತ್ರ ಗಂಡುಗಳ ನಡುವನೂ ದೋಸ್ತಿ ಭಾಳ, ಒಂದಕ್ಕೊಂದು ತಬ್ಕೊಂಡು ಹೇನು ನೋಡ್ತಾವ. ಮನಷ್ಯಾನ ಹತ್ತಿರದ ಬಳಗ ಚಿಂಪಾಂಜಿ ಉಲ್ಟಾ, ಅಲ್ಲಿ ಗಂಡು ಉಳೀತಾವ, ಹೆಣ್ಣು ಹೋಗ್ತಾವ, ನಮ್ಮ ಲಗ್ನದಂಗೇ.

ಮುಸ್ಯಾ ಗುಂಪಾಗಿದ್ರ ಎಷ್ಟು ದೊಡ್ಡ ಗಂಡು ಅಂತ ಎಣಸ್ರಿ. ಭಾಳ ಕಡಿ ಒಂದೇ ಗಂಡು, ಉಳಿದವು ಹೊರಗ ಬ್ಯಾರೆ ಪಡ್ಡೆ ಟೋಳಿ ಕಟ್ಕೊಂಡು ತಿರಗ್ತಾವ. ಆ ಟೋಳಿ ಗುಂಪಿನ ಸುತ್ತ ಸುಳದಾಡ್ಲಾಕ ಹತ್ತಿದ್ರ ದಿನಾ ಹೋಗ್ರಿ, ಹಳೇ ಗಂಡಿನ ಗಾದಿ ಅಲಗ್ಲಿಕತ್ತದ. ಹೊಸದು ಗೆದ್ರ ಕೆಲವೊಮ್ಮೆ ಹಾಲ ಕುಡಿಯೂ ಮರಿ ಕೊಲ್ತದ. ಇದನ್ನ ಮೊದ್ಲು ಬರದಿಟ್ಟದ್ದು ನಮ್ಮ ಧಾರವಾಡದಾಗ್ರಿ, 1960ರ ದಶಕದಾಗ, ಜಪಾನಿನ ವಿಜ್ಞಾನಿ ಯುಕಿಮಾರು ಸುಗಿಯಾಮಾ. ಮರಿ ಹೋದ್ರ ಅವ್ವ ಲಗೂ ಬೆದಿಗೆ ಬರ್ತದ, ಹೊಸ ಗಂಡಿಗೆ ತನ್ನ ಮರಿ ಆಗ್ತಾವ, ಹಂಗಂತ ಅರ್ಥ ಹೇಳಿದಾಕಿ ಅಮೆರಿಕದ ವಿಜ್ಞಾನಿ ಸಾರಾ ಹರ್ಡಿ, ರಾಜಸ್ಥಾನದ ಮೌಂಟ್ ಅಬುದಾಗ ನೋಡಿ. ಒಪ್ಪದ ವಿಜ್ಞಾನಿಗಳೂ ಇದ್ರು, ನೋಡ್ಲಾಕಂತೂ ಕರುಳು ಕಿತ್ತು ಬರ್ತದ. ಅದಕ್ಕ ಮರಿಗಳ ಲೆಕ್ಕ ತಪ್ಪದೆ ಇಡ್ರಿ, ಹೊಸದಾಗಿ ಹುಟ್ಟಿದ ಮುಸ್ಯಾ ಮರಿ ಮೈ ಕಪ್ಪು, ಮುಖ ಬೆಳ್ಳಗ, ದೂರದಿಂದನೇ ಗೊತ್ತಾಗ್ತದ. ಒಂದೇ ಮರಿ ನಾಕು ಹೆಣ್ಣಿನ ಕೈಯಾಗ ತಿರಗ್ತದ, ಹೊತ್ತಾಕಿನೇ ಅವ್ವ ಅಂತ ಬರೀಬ್ಯಾಡ್ರಿ, ಹಾಲು ಕುಡಿಸಿದಾಕಿ ಅವ್ವ.

ಬೀದರ ಕಡಿ ಹೋದ್ರ ಚಿಗರಿನೂ ಹಿಂಗೇ ನೋಡಬಹುದು. ಕರೀ ಗಂಡು ಒಂದೇ ಜಾಗದಾಗ ಹಿಕ್ಕಿ ಹಾಕಿ ಗುಂಪಿ ಮಾಡಿ ಇದು ನಂದು ಅಂತದ, ಕೋಡಿಲ್ಲದ ಹೆಣ್ಣು ಬಂದು ಹೋಗ್ತಾವ, ಪಡ್ಡೆ ಗಂಡು ದೂರ ಬ್ಯಾರೆ ಹಿಂಡಿನಾಗ. ತ್ವಾಳದಾಗ ಗಂಡೂ ಹೆಣ್ಣೂ ಎರಡೂ ಮನಿ ಬಿಡ್ತಾವ, ಜೋಡಿ ಹುಡುಕಿ ಹೊಸ ಮನಿ ಮಾಡ್ತಾವ.

ಬಾಳಿಹಣ್ಣು, ರೊಟ್ಟಿ ಹಾಕಬ್ಯಾಡ್ರಿ. ಹಾಕಿದ್ರ ಅವು ನಿಮ್ಮ ಕೈ ನೋಡ್ತಾವ, ತಮ್ಮ ಸಂಸಾರ ಬಿಡ್ತಾವ, ನಿಮ್ಮ ನೋಟ್‌ಬುಕ್ಕು ವೇಸ್ಟು, ಮ್ಯಾಲ ಕಚ್ಚಿದ್ರ ಇಂಜೆಕ್ಷನ್ನು. ಕಣ್ಣಾಗ ಕಣ್ಣಿಟ್ಟು ನೋಡಿದ್ರ ಅವು ಹೆದರಸ್ಲಿಕತ್ತಾರ ಅಂತ ತಿಳೀತಾವ, ಮಗ್ಗಲಾಗಿ ಕೂತು ಓರೆಗಣ್ಣಿಲೆ ನೋಡ್ರಿ. ಒಂದು ಪಡ್ಡೆ ಗಂಡು ನಾಕು ದಿನ ಕಾಣಲಿಲ್ಲಂದ್ರ ಸತ್ತದ ಅಂತ ಬರೀಬ್ಯಾಡ್ರಿ, ತಾರೀಖು ಹಾಕಿ "ಇಲ್ಲ" ಅಂತಷ್ಟೇ ಬರೀರಿ. ನಮ್ಮ ಹರಕ ಕಿವಿ ಹಂಗೇ ಮಾಯ ಆಗಿತ್ತು, ಮೂರು ತಿಂಗಳ ಮ್ಯಾಲ ಬಸ್‌ಸ್ಟ್ಯಾಂಡ್ ಕಡಿ ಬ್ಯಾರೆ ಗುಂಪಿನ ಅಂಚಿಗೆ ಒಬ್ಬಂಟಿ ಕೂತಿತ್ತು.