ಶ್ರೀಲಂಕಾದಲ್ಲಿ ನೀಲಿ ತಿಮಿಂಗಿಲ: ಮೊದಲು ಗಾಳಿ ನೋಡಿ, ಆಮೇಲೆ ಟಿಕೆಟ್

ಶ್ರೀಲಂಕಾಕ್ಕೆ ಹೋಗಿಯೂ ತಿಮಿಂಗಿಲ ಕಾಣದೆ ಬಂದವರ ಕಥೆ ಕೇಳಿದರೆ, ಬಹಳ ಸಲ ಎಡವಟ್ಟಾಗಿರುವುದು ತಾರೀಖಿನಲ್ಲೇ. ರಜೆ ಸಿಕ್ಕ ವಾರಕ್ಕೆ ವಿಮಾನ ಬುಕ್ ಮಾಡಿ, ಕೊನೆಯ ದಿನಕ್ಕೊಂದು ಬೋಟ್ ಸವಾರಿ ಇಟ್ಟುಕೊಂಡಿರುತ್ತಾರೆ. ಆ ದಿನ ಕಡಲು ಕೆರಳಿದರೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಮೊದಲು ತಿಂಗಳು, ಆಮೇಲೆ ಕರಾವಳಿ, ಎಲ್ಲಕ್ಕಿಂತ ಕೊನೆಗೆ ಟಿಕೆಟ್.

ಇಲ್ಲಿನ ನೀಲಿ ತಿಮಿಂಗಿಲಗಳು ಬೇರೆ ಕಡೆಯವುಗಳಂತೆ ಧ್ರುವದ ತಣ್ಣೀರಿಗೆ ವಲಸೆ ಹೋಗುವುದಿಲ್ಲ; ಉತ್ತರ ಹಿಂದೂ ಮಹಾಸಾಗರದಲ್ಲೇ ಇರುತ್ತವೆ. ನಮಗೆ ಅಡ್ಡಿಯಾಗುವುದು ಮಾರುತ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ದಕ್ಷಿಣ ಮತ್ತು ಪಶ್ಚಿಮ ಕರಾವಳಿಯ ಕಡಲನ್ನು ಕೆಡಿಸುತ್ತದೆ. ಹಾಗಾಗಿ ದಕ್ಷಿಣದ ಮಿರಿಸ್ಸಾಕ್ಕೆ ನವೆಂಬರ್‌ನಿಂದ ಏಪ್ರಿಲ್ ಸರಿಯಾದ ಕಾಲ. ಅದರಲ್ಲೂ ಜನವರಿಯಿಂದ ಮಾರ್ಚ್ ನಡುವೆ ಹೋಗುವುದು ಒಳ್ಳೆಯದು. ನವೆಂಬರ್‌ನಲ್ಲಿ ಮಳೆ ಇನ್ನೂ ಬಿಟ್ಟಿರುವುದಿಲ್ಲ, ಏಪ್ರಿಲ್ ಮಧ್ಯದಲ್ಲಿ ಸಿಂಹಳ-ತಮಿಳು ಹೊಸ ವರ್ಷದ ರಜೆ ಬರುತ್ತದೆ. ಮೇ-ಆಗಸ್ಟ್‌ನಲ್ಲಷ್ಟೇ ಬಿಡುವಿದ್ದರೆ ಪೂರ್ವದ ಟ್ರಿಂಕೋಮಲಿ ಆರಿಸಿಕೊಳ್ಳಿ. ಆ ತಿಂಗಳುಗಳಲ್ಲಿ ಅಲ್ಲಿನ ಕಡಲು ಶಾಂತ. ವಾಯವ್ಯದ ಕಲ್ಪಿಟಿಯಾದಲ್ಲಿ ದೊಡ್ಡ ಡಾಲ್ಫಿನ್ ಹಿಂಡುಗಳೂ ಸ್ಪರ್ಮ್ ತಿಮಿಂಗಿಲಗಳೂ ಸಿಗುತ್ತವೆ, ಅದರ ಕಾಲವೂ ಹೆಚ್ಚುಕಡಿಮೆ ಮಿರಿಸ್ಸಾದ್ದೇ. ಒಂದೇ ಪ್ರವಾಸದಲ್ಲಿ ಮಿರಿಸ್ಸಾ, ಟ್ರಿಂಕೋಮಲಿ ಎರಡನ್ನೂ ತುರುಕಬೇಡಿ. ಒಂದು ಕಡೆ ಕಡಲು ಚೆನ್ನಾಗಿದ್ದಾಗ ಸಾಮಾನ್ಯವಾಗಿ ಇನ್ನೊಂದು ಕಡೆ ಕೆಟ್ಟಿರುತ್ತದೆ.

ಮುಂದಿನ ಮಾತೆಲ್ಲ ಮಿರಿಸ್ಸಾ ಕುರಿತದ್ದು. ಅಲ್ಲಿಂದ ಹೆಚ್ಚು ದೂರವಿಲ್ಲದ, ದ್ವೀಪದ ದಕ್ಷಿಣದ ತುದಿಯಾದ ದೊಂಡ್ರದ ಬಳಿ ದಡಕ್ಕೆ ತೀರ ಹತ್ತಿರದಲ್ಲೇ ಕಡಲು ಸಾವಿರ ಮೀಟರ್ ಆಳಕ್ಕೆ ಇಳಿಯುತ್ತದೆ. ಆಳದ ನೀರಿನಲ್ಲಿ ಮೇಯುವ ಪ್ರಾಣಿ ಬೆಳಗಿನ ಬೋಟಿಗೆ ಎಟುಕುವುದು ಅದಕ್ಕೇ.

ಕೊಲಂಬೊ ಬಳಿಯ ಕಟುನಾಯಕ ವಿಮಾನ ನಿಲ್ದಾಣದಿಂದ ಎಕ್ಸ್‌ಪ್ರೆಸ್‌ವೇ ಮೂಲಕ ಕಾರಿನಲ್ಲಿ ಸುಮಾರು ಮೂರು ಗಂಟೆ. ಆತುರವಿಲ್ಲದಿದ್ದರೆ ಕೊಲಂಬೊ ಫೋರ್ಟ್‌ನಿಂದ ಕರಾವಳಿ ರೈಲು ಹಿಡಿದು ಮಿರಿಸ್ಸಾ ಪಕ್ಕದ ವೆಲಿಗಾಮದಲ್ಲಿ ಇಳಿಯಿರಿ. ಬಲಗಡೆಯ ಕಿಟಕಿ ಸಿಕ್ಕರೆ ದಾರಿಯ ಬಹುಭಾಗ ಕಡಲು ಕಾಣುತ್ತದೆ. ಮಿರಿಸ್ಸಾದಲ್ಲಿ ಕನಿಷ್ಠ ನಾಲ್ಕು ರಾತ್ರಿ ಇರಿ. ತಲುಪಿದ ಮರುದಿನ ದಣಿವಾರಿಸಿಕೊಂಡು, ಎರಡನೆಯ ಬೆಳಿಗ್ಗೆ ಬೋಟ್ ಹತ್ತಿ. ಮೂರನೆಯ ಬೆಳಿಗ್ಗೆ ಖಾಲಿ ಇರಲಿ. ಗಾಳಿ ಎದ್ದು ಬೋಟ್ ನಿಂತರೂ, ಹೋಗಿ ಏನೂ ಕಾಣದಿದ್ದರೂ ಆ ದಿನ ಕೈ ಹಿಡಿಯುತ್ತದೆ. ಬೇಕಾಗದೆ ಹೋದರೆ ಗಾಲೆ ಕೋಟೆ ಒಂದು ಗಂಟೆಯ ದಾರಿ. ಹುಣ್ಣಿಮೆಯ ದಿನ, ಅಂದರೆ ಪೋಯ, ದೇಶಕ್ಕೆಲ್ಲ ರಜೆ. ಅಂದು ಬೋಟಿನಲ್ಲಿ ನೂಕುನುಗ್ಗಲು. ಕ್ಯಾಲೆಂಡರ್ ನೋಡಿ ಆ ದಿನ ತಪ್ಪಿಸಿ.

ಹಿಂದಿನ ಸಂಜೆ ವಿಂಡಿಯಂಥ ಆ್ಯಪ್‌ನಲ್ಲಿ ಬೆಳಗಿನ ಗಾಳಿ ನೋಡಿಕೊಳ್ಳಿ. ಗಂಟೆಗೆ 20 ಕಿ.ಮೀ. ದಾಟಿದರೆ ಅಲೆಗಳ ತಲೆಯಲ್ಲಿ ಬಿಳಿ ನೊರೆ ಎಲ್ಲೆಡೆ ಏಳತೊಡಗುತ್ತದೆ. ಆಗ ದೂರದ ತಿಮಿಂಗಿಲದ ಉಸಿರ ಕಾರಂಜಿಯನ್ನು ನೊರೆಯಿಂದ ಬೇರೆ ಮಾಡಿ ಗುರುತಿಸುವುದು ಕಷ್ಟ, ಹೊಟ್ಟೆಗೂ ಕಷ್ಟ.

ಬೋಟ್ ಆರಿಸುವಾಗ ದರಕ್ಕಿಂತ ಮೊದಲು ನಾಲ್ಕು ಪ್ರಶ್ನೆ ಕೇಳಿ. ಪರವಾನಗಿ ಇದೆಯೇ? ಎಲ್ಲರಿಗೂ, ಮಕ್ಕಳಿಗೂ ಅಳತೆಗೆ ತಕ್ಕ ಲೈಫ್ ಜಾಕೆಟ್ ಇದೆಯೇ? ಎಷ್ಟು ಜನರನ್ನು ಹತ್ತಿಸುತ್ತೀರಿ? ತಿಮಿಂಗಿಲದಿಂದ ಎಷ್ಟು ದೂರದಲ್ಲಿ ನಿಲ್ಲಿಸುತ್ತೀರಿ? ಕೊನೆಯ ಪ್ರಶ್ನೆಗೆ ‘ಪಕ್ಕಕ್ಕೇ ಕರೆದುಕೊಂಡು ಹೋಗುತ್ತೇವೆ’ ಎಂಬ ಉತ್ತರ ಬಂದರೆ ಆ ಬೋಟ್ ಬಿಟ್ಟುಬಿಡಿ. ಕನಿಷ್ಠ 100 ಮೀಟರ್ ದೂರವಿರಬೇಕು, ಪಕ್ಕದಿಂದ ಸಮಾನಾಂತರವಾಗಿ ನಿಧಾನಕ್ಕೆ ಸಾಗಬೇಕು, ಎದುರಿಂದ ಅಡ್ಡಗಟ್ಟಬಾರದು, ಬೆನ್ನಟ್ಟಬಾರದು. ಈ ತಿಮಿಂಗಿಲಗಳು ಮೇಯುವ ಜಾಗದ ಮೇಲೆಯೇ ಸರಕು ಹಡಗುಗಳ ದೊಡ್ಡ ದಾರಿ ಹಾದುಹೋಗುತ್ತದೆ, ಹಡಗು ಬಡಿದು ಸಾಯುವುದೂ ಉಂಟು. ಅದರ ಮೇಲೆ ನಮ್ಮ ಬೋಟುಗಳೂ ಸುತ್ತುವರಿದರೆ ಅವು ಉಸಿರು ತುಂಬಿಕೊಳ್ಳದೆಯೇ ಮುಳುಗಿಬಿಡುತ್ತವೆ. ಹತ್ತಿರ ಒಯ್ದದ್ದಕ್ಕೆ ಚಾಲಕನಿಗೆ ಭಕ್ಷೀಸು ಕೊಡಬೇಡಿ. ತಾಳ್ಮೆಯಿಂದ ಕಾದವನಿಗೆ ಧಾರಾಳವಾಗಿ ಕೊಡಿ.

ಬೋಟ್‌ಗಳು ಬೆಳಿಗ್ಗೆ ಆರು, ಆರೂವರೆಗೆ ಹೊರಡುತ್ತವೆ; ವಾಪಸಾಗಲು ಮೂರರಿಂದ ಐದು ಗಂಟೆ. ವಾಂತಿಯ ಮಾತ್ರೆಯನ್ನು ಹೊರಡುವುದಕ್ಕೆ ಒಂದು ಗಂಟೆ ಮೊದಲೇ ನುಂಗಿ. ಯಾವ ಮಾತ್ರೆ, ಎಷ್ಟು ಎಂಬುದನ್ನು ಊರಲ್ಲೇ ವೈದ್ಯರನ್ನು ಕೇಳಿಕೊಂಡಿರಿ. ವಾಕರಿಕೆ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಮೇಲಿನ ಡೆಕ್‌ನಿಂದ ನೋಟ ಚೆನ್ನ, ಆದರೆ ತೂಗಾಟವೂ ಅಲ್ಲೇ ಜಾಸ್ತಿ. ತಲೆ ಸುತ್ತುವವರು ಕೆಳಗೆ, ಬೋಟಿನ ನಡುಭಾಗದಲ್ಲಿ ಕೂತು ದಿಗಂತದ ಗೆರೆ ನೋಡುತ್ತಿರಲಿ. ಫೋನ್ ಪರದೆ ನೋಡಿದರೆ ವಾಂತಿ ಖಂಡಿತ.

ದುರ್ಬೀನು 7x50 ಅಥವಾ 8x42 ಸಾಕು. ಅದಕ್ಕಿಂತ ಹೆಚ್ಚು ವರ್ಧನೆಯದು ತೂಗುವ ಬೋಟಿನಲ್ಲಿ ಬರೀ ನಡುಗುತ್ತದೆ. ಕ್ಯಾಮೆರಾಕ್ಕೆ 300 ಮಿ.ಮೀ. ಆಸುಪಾಸಿನ ಲೆನ್ಸ್, ಷಟರ್ 1/1000 ಸೆಕೆಂಡ್ ಅಥವಾ ಇನ್ನೂ ವೇಗ. ದವಡೆಯ ಕೆಳಗೆ ಕಟ್ಟುವ ದಾರವಿರುವ ಟೋಪಿ, ನೀರು ನುಗ್ಗದ ಚೀಲ ಮರೆಯಬೇಡಿ.

ಕಡಲಲ್ಲಿ ಮೊದಲು ಹುಡುಕಬೇಕಾದ್ದು ಉಸಿರು. ನೀಲಿ ತಿಮಿಂಗಿಲದ ಉಸಿರು ನೆಟ್ಟಗೆ ಕಂಬದಂತೆ ಸುಮಾರು 9 ಮೀಟರ್ ಏಳುತ್ತದೆ. ಮುಂದಕ್ಕೆ, ಎಡಕ್ಕೆ ವಾಲಿಕೊಂಡು ಚಿಮ್ಮಿದರೆ ಅದು ಸ್ಪರ್ಮ್ ತಿಮಿಂಗಿಲ. ಉಸಿರಿನ ಆಮೇಲೆ ನೀಲಿ ತಿಮಿಂಗಿಲದ ಉದ್ದನೆಯ ಬೂದುನೀಲಿ ಬೆನ್ನು ಜಾರುತ್ತಲೇ ಇರುತ್ತದೆ, ಎಷ್ಟೋ ಹೊತ್ತಿನ ಮೇಲೆ ಪುಟ್ಟ ಬೆನ್ನುರೆಕ್ಕೆ ಕಾಣುತ್ತದೆ. ಹೀಗೆ ಕೆಲವು ಸಲ ಉಸಿರಾಡಿ, ಬೆನ್ನು ಕಮಾನಿನಂತೆ ಬಾಗಿತೆಂದರೆ ಕ್ಯಾಮೆರಾ ಎತ್ತಿಕೊಳ್ಳಿ: ಆಳಕ್ಕೆ ಇಳಿಯುವ ಮುನ್ನ ಇಲ್ಲಿನ ತಿಮಿಂಗಿಲಗಳು ಬಾಲ ಎತ್ತುವುದು ಸಾಮಾನ್ಯ. ಬಾಲ ಮುಳುಗಿದ ಜಾಗದಲ್ಲಿ ಎಣ್ಣೆ ಚೆಲ್ಲಿದಂಥ ನುಣುಪಾದ ನೀರಿನ ವೃತ್ತ ಉಳಿಯುತ್ತದೆ. ಅದನ್ನು ಗುರುತಿಟ್ಟುಕೊಂಡು, ಎಂಜಿನ್ ತಗ್ಗಿಸಿ, ಗಡಿಯಾರ ನೋಡಿ. ಸುಮಾರು ಹತ್ತು ನಿಮಿಷಕ್ಕೆ ಅದು ಮತ್ತೆ ಮೇಲೆ ಬರುತ್ತದೆ, ಬಹಳ ಸಲ ಅಲ್ಲೇ ಆಸುಪಾಸಿನಲ್ಲಿ.