ಬೆಂಗಳೂರಿನಲ್ಲಿ ಮೀಡಿಯೇಟರ್, ಆರ್ಬಿಟ್ರೇಟರ್ ಆಗುವುದು ಹೇಗೆ, ಎಷ್ಟು ದುಡ್ಡು ಸಿಗುತ್ತದೆ

ಮೊದಲು ದುಡ್ಡಿನ ವಿಷಯ. ಈ ಕೆಲಸದಲ್ಲಿ ತಿಂಗಳ ಸಂಬಳ ಅಂತ ಬರುವುದಿಲ್ಲ. ಕೇಸಿಗಿಷ್ಟು ಅಂತ ಫೀಸು ಬರುತ್ತದೆ, ಅಷ್ಟೇ. ಶುರುವಿನ ಕೆಲವು ವರ್ಷ ಇದರಿಂದಲೇ ಮನೆ ನಡೆಯುತ್ತದೆ ಅಂದುಕೊಳ್ಳಬೇಡಿ. ಈಗ ವಕೀಲಿಕೆ ಮಾಡುತ್ತಿರಲಿ, ಆಡಿಟರ್ ಆಗಿರಲಿ, ಸಿವಿಲ್ ಎಂಜಿನಿಯರ್ ಆಗಿರಲಿ, ಅದನ್ನು ಬಿಡಬೇಡಿ. ಯಾಕೆಂದರೆ ನಾಳೆ ನಿಮ್ಮನ್ನು ಕರೆಯುವವರು ಕರೆಯುವುದೇ ಆ ಅನುಭವ ನೋಡಿ.

ಎರಡೂ ಒಂದೇ ಕೆಲಸ ಅಲ್ಲ. ಮೀಡಿಯೇಟರ್ ತೀರ್ಪು ಕೊಡುವುದಿಲ್ಲ, ಎರಡೂ ಕಡೆಯವರನ್ನು ಕೂರಿಸಿ ಅವರೇ ಒಂದು ರಾಜಿಗೆ ಬರುವ ಹಾಗೆ ಮಾಡುತ್ತಾರೆ. ಆರ್ಬಿಟ್ರೇಟರ್ ಸಾಕ್ಷಿ, ದಾಖಲೆ ನೋಡಿ, ವಾದ ಕೇಳಿ, ಕಾರಣ ಸಮೇತ ಅವಾರ್ಡ್, ಅಂದರೆ ತೀರ್ಪು ಬರೆಯುತ್ತಾರೆ. ಜನರ ಮಾತು ತಾಳ್ಮೆಯಿಂದ ಕೇಳುವ ಗುಣ ಇದ್ದರೆ ಮೊದಲನೆಯದು. ಫೈಲ್ ಓದುವುದು, ಬರೆಯುವುದು ಇಷ್ಟವಾದರೆ ಎರಡನೆಯದು.

ಮೀಡಿಯೇಟರ್ ಆಗಬೇಕು ಅನ್ನುವವರು ನೋಡಬೇಕಾದ ಜಾಗ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ. ಹೈಕೋರ್ಟ್ ಕಡೆಯಿಂದ 2007ರಲ್ಲಿ ಶುರುವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಇರುವುದು ಅಲ್ಲೇ. ಕೋರ್ಟ್‌ಗಳು ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 89ನೇ ಸೆಕ್ಷನ್ ಪ್ರಕಾರ ಕಳಿಸುವ ಕೇಸುಗಳು ಇಲ್ಲಿಗೆ ಬರುತ್ತವೆ: ಗಂಡ ಹೆಂಡತಿ ಜಗಳ, ಅಣ್ಣ ತಮ್ಮಂದಿರ ಪಾಲು, ಸಾಲ ವಸೂಲಿ. ಕೇಂದ್ರದ ಮೀಡಿಯೇಟರ್‌ಗಳ ಪಟ್ಟಿಗೆ, ಅಂದರೆ ಪ್ಯಾನೆಲ್‌ಗೆ ಸಾಮಾನ್ಯವಾಗಿ ಹಲವು ವರ್ಷ ಪ್ರಾಕ್ಟೀಸ್ ಮಾಡಿದ ವಕೀಲರನ್ನು ತೆಗೆದುಕೊಳ್ಳುತ್ತಾರೆ. ಅದರ ಮೇಲೆ ಸುಪ್ರೀಂ ಕೋರ್ಟ್‌ನ ಮೀಡಿಯೇಷನ್ ಸಮಿತಿ ರೂಪಿಸಿದ 40 ಗಂಟೆಯ ತರಬೇತಿ ಬೇಕು. ಈ ತರಬೇತಿಯನ್ನು ಸುಮ್ನೆ ಸರ್ಟಿಫಿಕೇಟ್‌ಗೋಸ್ಕರ ಮಾಡಬೇಡಿ. ಅಲ್ಲಿ ರೋಲ್ ಪ್ಲೇ ಮಾಡಿಸುತ್ತಾರೆ. ಒಬ್ಬರನ್ನೇ ಬೇರೆ ಕೋಣೆಯಲ್ಲಿ ಕೂರಿಸಿ ಮಾತಾಡಿಸುವಾಗ ಅವರು ಹೇಳಿದ ಗುಟ್ಟು, ಒಪ್ಪಿಗೆ ಇಲ್ಲದೆ ಆ ಕಡೆಯವರ ಕಿವಿಗೆ ಬೀಳದ ಹಾಗೆ ಮಾತು ಮುಂದುವರಿಸುವುದು ಹೇಗೆ ಅನ್ನುವುದು ಪುಸ್ತಕ ಓದಿದರೆ ಬರುವುದಿಲ್ಲ, ಅಲ್ಲೇ ಮಾಡಿ ಮಾಡಿ ಕಲಿಯಬೇಕು. ವಕೀಲರಿಗೆ ಇದು ಇನ್ನೂ ಕಷ್ಟ, ವಾದ ಮಾಡುವ ಅಭ್ಯಾಸ ಬಿಡಬೇಕಲ್ವಾ.

ಕೋರ್ಟ್ ಕಡೆಯ ಕೇಸಿಗೆ ಸಿಗುವುದು ಗೌರವಧನ. ಇದನ್ನು ಕಲಿಕೆ ಅಂತ ನೋಡಿ. ಸ್ವಲ್ಪ ಜಾಸ್ತಿ ಹಣ ಓಡಾಡುವುದು ವಾಣಿಜ್ಯ ವ್ಯಾಜ್ಯಗಳಲ್ಲಿ. 3 ಲಕ್ಷ ಮತ್ತು ಅದಕ್ಕೂ ಮೇಲಿನ ವಾಣಿಜ್ಯ ವ್ಯಾಜ್ಯದಲ್ಲಿ, ತುರ್ತು ಮಧ್ಯಂತರ ಆದೇಶ ಕೇಳದಿದ್ದರೆ, ದಾವೆ ಹಾಕುವ ಮೊದಲೇ ಮೀಡಿಯೇಷನ್‌ಗೆ ಹೋಗಲೇಬೇಕು. ಇದು ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. 2018ರ ನಿಯಮದ ಪ್ರಕಾರ ಅದಕ್ಕೆ ಫೀಸು 15,000 ರೂಪಾಯಿಯಿಂದ 75,000ದವರೆಗೆ. ಇಬ್ಬರೂ ಅರ್ಧರ್ಧ ಕಟ್ಟುತ್ತಾರೆ. ಆದರೆ ಕಟ್ಟುವುದು ಕಾನೂನು ಸೇವಾ ಪ್ರಾಧಿಕಾರಕ್ಕೆ, ಇಡೀ ಮೊತ್ತ ನಿಮ್ಮ ಕೈಗೆ ಬರುತ್ತದೆ ಅಂತ ಲೆಕ್ಕ ಹಾಕಬೇಡಿ. ಎಷ್ಟೋ ಸಲ ಆ ಕಡೆಯವರು ಬರುವುದೇ ಇಲ್ಲ, ಆಗ ಮಾತುಕತೆ ಶುರುವಾಗಲಿಲ್ಲ ಅಂತ ವರದಿ ಬರೆದು ಮುಗಿಸಬೇಕಾಗುತ್ತದೆ.

ಈಗ ಆರ್ಬಿಟ್ರೇಷನ್. ಇದಕ್ಕೆ ಇಂಥದೇ ಡಿಗ್ರಿ ಬೇಕು ಅಂತ ಕಾನೂನಿನಲ್ಲಿ ಇಲ್ಲ. 1996ರ ಆರ್ಬಿಟ್ರೇಷನ್ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ ಹತ್ತು ವರ್ಷದ ಅನುಭವ ಇತ್ಯಾದಿ ಅರ್ಹತೆಯ ಪಟ್ಟಿ ಸೇರಿಸಿದ್ದರು, 2021ರಲ್ಲಿ ತೆಗೆದುಹಾಕಿದರು. ಆದರೂ ದೊಡ್ಡ ಕೇಸುಗಳು ಹೆಚ್ಚಾಗಿ ಹೋಗುವುದು ನಿವೃತ್ತ ನ್ಯಾಯಾಧೀಶರಿಗೆ, ಹಿರಿಯ ವಕೀಲರಿಗೆ. ಕಟ್ಟಡ ಕಾಮಗಾರಿಯ ಜಗಳದಲ್ಲಿ ಎಂಜಿನಿಯರ್‌ಗಳಿಗೂ, ಲೆಕ್ಕಪತ್ರದ ಜಗಳದಲ್ಲಿ ಸಿಎಗಳಿಗೂ ಜಾಗ ಇದೆ. ಹೊಸಬರು ರೇಸ್ ಕೋರ್ಸ್ ರಸ್ತೆಯ ಖನಿಜ ಭವನದಲ್ಲಿರುವ ಹೈಕೋರ್ಟ್‌ನ ಆರ್ಬಿಟ್ರೇಷನ್ ಸೆಂಟರ್‌ಗೆ ಹೋಗಿ ಪ್ಯಾನೆಲ್‌ಗೆ ಅರ್ಜಿ ಹಾಕುವುದು ಹೇಗೆ ಅಂತ ವಿಚಾರಿಸಿ. ಅದಕ್ಕೂ ಮೊದಲು ಹಿರಿಯ ಆರ್ಬಿಟ್ರೇಟರ್ ಒಬ್ಬರ ಹತ್ತಿರ ಕಡತ ನೋಡಿಕೊಳ್ಳುವ ಕೆಲಸ ಸಿಕ್ಕರೆ ಬಿಡಬೇಡಿ. ಯಾವುದಾದರೂ ಹಳೇ ಕಾಂಟ್ರಾಕ್ಟ್ ಜಗಳ ಇಟ್ಟುಕೊಂಡು ವಿವಾದಾಂಶ, ಪ್ರತಿಯೊಂದಕ್ಕೂ ಕಾರಣ, ಬಡ್ಡಿ, ಖರ್ಚು ಎಲ್ಲ ಸೇರಿಸಿ ಪೂರ್ತಿ ಅವಾರ್ಡ್ ಬರೆದು ಅವರಿಗೆ ತೋರಿಸಿ.

ಫೀಸಿಗೆ ಅದೇ 1996ರ ಕಾಯ್ದೆಯ ನಾಲ್ಕನೇ ಶೆಡ್ಯೂಲ್ (ಅನುಬಂಧ) ಒಂದು ಮಾದರಿ. ಸೆಂಟರ್‌ಗೆ ತನ್ನದೇ ದರಪಟ್ಟಿ ಇದ್ದರೆ, ಅಥವಾ ಪಕ್ಷಗಾರರು ಬೇರೆ ದರ ಒಪ್ಪಿಕೊಂಡಿದ್ದರೆ ಅದು ನಡೆಯುತ್ತದೆ. ಶೆಡ್ಯೂಲ್ ಪ್ರಕಾರ 5 ಲಕ್ಷದವರೆಗಿನ ವಿವಾದಕ್ಕೆ 45,000. ಉದಾಹರಣೆಗೆ 60 ಲಕ್ಷದ ಕೇಸು ಬಂತು ಅಂದುಕೊಳ್ಳಿ. 20 ಲಕ್ಷಕ್ಕೆ 97,500, ಮೇಲಿನ 40 ಲಕ್ಷಕ್ಕೆ ಶೇ. 3ರಂತೆ 1,20,000, ಒಟ್ಟು 2,17,500. ನೀವೊಬ್ಬರೇ ಆರ್ಬಿಟ್ರೇಟರ್ ಆದರೆ ಶೇ. 25 ಜಾಸ್ತಿ, ಅಂದರೆ 2,71,875. ಕೇಳುವುದಕ್ಕೆ ಚೆನ್ನಾಗಿದೆ, ಆದರೆ ಇದು ಒಂದು ವರ್ಷಕ್ಕೂ ಮೀರಿ ನಡೆಯಬಹುದಾದ ಕೇಸಿನ ಪೂರ್ತಿ ಫೀಸು. ಕೇಸು ಎಷ್ಟೇ ದೊಡ್ಡದಿರಲಿ, ಮೂಲ ಫೀಸಿನ ಮಿತಿ 30 ಲಕ್ಷ. ಪಕ್ಷಗಾರರ ಒಪ್ಪಿಗೆ ಇಲ್ಲದೆ ನಿಮ್ಮ ಫೀಸನ್ನು ನೀವೇ ನಿಗದಿ ಮಾಡುವ ಹಾಗಿಲ್ಲ ಅಂತಲೂ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ವಾದಪತ್ರ, ಉತ್ತರ ಎಲ್ಲ ಮುಗಿದ ಮೇಲೆ 12 ತಿಂಗಳಲ್ಲಿ ಅವಾರ್ಡ್ ಕೊಡಬೇಕು. ಎರಡೂ ಕಡೆಯವರು ಒಪ್ಪಿದರೆ ಇನ್ನೂ 6 ತಿಂಗಳು. ಆಮೇಲೂ ನಿಮ್ಮಿಂದಲೇ ತಡವಾಗಿದೆ ಅಂತ ಕಂಡರೆ ಕೋರ್ಟ್ ತಿಂಗಳಿಗೆ ಶೇ. 5ರವರೆಗೆ ಫೀಸು ಕಡಿತ ಮಾಡಬಹುದು.

ಹೊಸಬರು ಹುಷಾರಾಗಿರಬೇಕಾದ ಕಡೆ ಇನ್ನೊಂದು. ಸಾಲ ಕೊಟ್ಟ ಕಂಪನಿಯೊಂದು ತಾನೇ ನಿಮ್ಮನ್ನು ನೇಮಿಸಿ ಒಂದು ಕಂತೆ ಕೇಸು ಕಳಿಸಿದರೆ ಆಸೆ ಆಗುವುದು ಸಹಜ. ಆದರೆ ಜಗಳ ಹುಟ್ಟಿದ ಮೇಲೆ ಸಾಲಗಾರ ಲಿಖಿತವಾಗಿ ಒಪ್ಪದೆ, ಒಂದೇ ಕಡೆಯವರು ನೇಮಿಸಿದ ಒಬ್ಬರೇ ಆರ್ಬಿಟ್ರೇಟರ್ ಕೊಟ್ಟ ಅವಾರ್ಡ್ ಕೋರ್ಟ್‌ನಲ್ಲಿ ನಿಲ್ಲುವುದು ಕಷ್ಟ. ಫೀಸು ಬಂದರೂ ಹೆಸರು ಹೋಗುತ್ತದೆ. ಹಿಂದಿನ 3 ವರ್ಷದಲ್ಲಿ ಒಂದೇ ಪಕ್ಷದವರು ಎರಡು ಅಥವಾ ಹೆಚ್ಚು ಸಲ ನಿಮ್ಮನ್ನು ನೇಮಿಸಿದ್ದರೆ ಅದನ್ನೂ ಬರೆದು ತಿಳಿಸಬೇಕು, ಆರನೇ ಶೆಡ್ಯೂಲ್‌ನಲ್ಲಿ ಅದಕ್ಕೆ ನಮೂನೆ ಇದೆ. ಯಾರು, ಯಾವಾಗ, ಯಾವ ಕೇಸಿಗೆ ನೇಮಿಸಿದರು ಅಂತ ಮೊದಲ ಫೈಲಿನಿಂದಲೇ ಒಂದು ರಿಜಿಸ್ಟರ್ ಇಟ್ಟುಬಿಡಿ.