ಮಿಡಿ ಉಪ್ಪಿನಕಾಯಿಗೆ ಆನ್‌ಲೈನ್ ಅಂಗಡಿ: ನಾನು ಜಾಡಿ ಲೆಕ್ಕ ಹಾಕಿದ್ದು ಹೀಗೆ

ಮೂಡಿಗೆರೆ ಹತ್ತಿರ ನಮ್ಮ ಮನೆ. ಅತ್ತೆ ಹಾಕುವ ಮಿಡಿ ಉಪ್ಪಿನಕಾಯಿ, ಮನೆಯಲ್ಲೇ ಹುರಿದ ಕಾಫಿ ಪುಡಿ, ತೋಟದ ಕಾಳುಮೆಣಸು, ಹಲಸಿನ ಹಪ್ಪಳ. ಇಷ್ಟೇ ನಮ್ಮ ಸರಕು. ಎರಡು ವರ್ಷ ಎಲ್ಲವನ್ನೂ ವಾಟ್ಸಾಪ್ ಬಿಸಿನೆಸ್‌ನಲ್ಲೇ ಮಾರಿದೆವು. ಅದರ ಕ್ಯಾಟಲಾಗ್‌ಗೆ ದುಡ್ಡು ಕೊಡಬೇಕಿಲ್ಲ. ಗಿರಾಕಿಗಳು ಯುಪಿಐನಲ್ಲಿ ನೇರವಾಗಿ ಹಾಕಿದ್ದು ಪೂರ್ತಿ ನಮಗೇ ಬರುತ್ತಿತ್ತು. ತಿಂಗಳಿಗೆ ಹದಿನೈದು ಇಪ್ಪತ್ತು ಆರ್ಡರ್ ಇರುವವರಿಗೆ ಅದೇ ಸಾಕು, ಸುಮ್ನೆ ವೆಬ್‌ಸೈಟ್‌ಗೆ ಖರ್ಚು ಮಾಡಬೇಡಿ. ನಮಗೆ ಕಷ್ಟವಾಗಿದ್ದು ಮಿಡಿ ಸೀಸನ್‌ನಲ್ಲಿ. ಒಂದೇ ದಿನ ನಲವತ್ತು ಮೆಸೇಜ್. ಯಾರು ದುಡ್ಡು ಹಾಕಿದರು, ಯಾರು ವಿಳಾಸ ಕಳಿಸಿದರು ಅಂತ ನೋಟ್‌ಬುಕ್ಕಿನಲ್ಲಿ ಬರೆಯುವ ಗಡಿಬಿಡಿಯಲ್ಲಿ ಎರಡು ಜಾಡಿ ಬೇರೆಯವರ ಮನೆಗೆ ಹೋದವು.

ಮೊದಲ ಸಲ ಜಾಹೀರಾತು ನೋಡಿ ತೀರಾ ಅಗ್ಗದ ಒಂದು ಕಂಪನಿಯಲ್ಲಿ ಅಂಗಡಿ ತೆರೆದೆ. ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ರಿನ್ಯೂವಲ್ ಬಿಲ್ ಬಂತು, ಮೊದಲ ವರ್ಷದ ಮೂರು ಪಟ್ಟು! ಬಿಟ್ಟು ಹೊರಡೋಣ ಅಂದರೆ ಸರಕಿನ ಪಟ್ಟಿಯನ್ನೂ ಗಿರಾಕಿಗಳ ವಿವರವನ್ನೂ ಹೊರತೆಗೆಯಲು ದಾರಿಯೇ ಇರಲಿಲ್ಲ. ನಾಲ್ಕು ರಾತ್ರಿ ಕೂತು ಒಂದೊಂದಾಗಿ ಮತ್ತೆ ಟೈಪ್ ಮಾಡಿದೆ.

ಎರಡನೇ ಸಲ ಜಾಡಿ ಲೆಕ್ಕ ಹಾಕಿದೆ. 300 ರೂಪಾಯಿಯ ಜಾಡಿಯಲ್ಲಿ ಮಿಡಿ, ಉಪ್ಪು, ಖಾರ, ಸಾಸಿವೆ, ಪ್ಯಾಕಿಂಗ್ ಕಳೆದು ನಮಗೆ ಗಿಟ್ಟುವುದು 70. ಗಿರಾಕಿ ಸೈಟ್‌ನಲ್ಲಿ ಕಟ್ಟಿದ ದುಡ್ಡನ್ನು ನಮ್ಮ ಖಾತೆಗೆ ತಲುಪಿಸುವ ಪೇಮೆಂಟ್ ಗೇಟ್‌ವೇಯ ಕಮಿಷನ್ ಶೇ 2, ಅಂದರೆ 6 ರೂಪಾಯಿ. ಆ ಕಮಿಷನ್ ಮೇಲೆ ಶೇ 18 ಜಿಎಸ್‌ಟಿ ಸೇರಿ 7 ರೂಪಾಯಿ 8 ಪೈಸೆ. ಉಳಿದದ್ದು ಸುಮಾರು 63. ಆನ್‌ಲೈನ್ ಅಂಗಡಿಯನ್ನು ಬಾಡಿಗೆಗೆ ಕೊಡುವ ಶಾಪಿಫೈ ನೋಡಿದೆ, ಬಳಸಲು ನಿಜಕ್ಕೂ ಸುಲಭ. ಆದರೆ ಅವರದೇ ಪಾವತಿ ಸೇವೆ ಭಾರತದಲ್ಲಿಲ್ಲ. ಬೇರೆ ಗೇಟ್‌ವೇ ಸೇರಿಸಿದರೆ ಬೇಸಿಕ್ ಪ್ಲಾನ್‌ನಲ್ಲಿ ಇನ್ನೂ ಶೇ 2 ಅವರಿಗೆ ಹೋಗುತ್ತದೆ. ಜೊತೆಗೆ ತಿಂಗಳ ಬಾಡಿಗೆ. ಆಷಾಢದ ಮಳೆಯಲ್ಲಿ ನಮಗೆ ವ್ಯಾಪಾರವೇ ಇರುವುದಿಲ್ಲ, ಬಾಡಿಗೆ ಮಾತ್ರ ತಪ್ಪುವುದಿಲ್ಲ ಅಲ್ವಾ?

ಕೊನೆಗೆ ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ಮೇಲೆ, ಅದಕ್ಕೆ ಅಂಗಡಿ ಸೇರಿಸುವ ವೂಕಾಮರ್ಸ್ ಹಾಕಿದೆ. ಅವೆರಡೂ ಉಚಿತ. ಹೋಸ್ಟಿಂಗ್ (ಸೈಟ್ ಇಡಲು ಸರ್ವರ್‌ನಲ್ಲಿ ಜಾಗ), ಡೊಮೈನ್ (ಸೈಟ್‌ನ ವಿಳಾಸ) ಸೇರಿ ನಮಗೆ ವರ್ಷಕ್ಕೆ 4,200 ರೂಪಾಯಿ ಬಿದ್ದಿತು. 67 ಜಾಡಿ ಮಾರಿದರೆ ಅಸಲು ಬಂತು. ಅಪ್‌ಡೇಟ್ ಮಾಡುವುದು, ಬ್ಯಾಕಪ್ ಇಳಿಸಿಕೊಳ್ಳುವುದು ನಮ್ಮದೇ ಕೆಲಸ. ಭಾನುವಾರ ರಾತ್ರಿ ಅರ್ಧ ಗಂಟೆ ಅದಕ್ಕೆ ಇಟ್ಟಿದ್ದೇನೆ. ಸರಕಿನ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸಿಎಸ್‌ವಿ ಫೈಲ್ ಆಗಿ ಇಳಿಸಿಕೊಳ್ಳಬಹುದು. ನಾಳೆ ಹೋಸ್ಟ್ ಬದಲಿಸಿದರೂ ಮತ್ತೆ ಟೈಪ್ ಮಾಡಬೇಕಿಲ್ಲ.

ಹೋಸ್ಟಿಂಗ್‌ನವರಿಗೆ ಫೋನ್ ಮಾಡಿದಾಗ ಮೊದಲು ಕೇಳಿದ್ದು ಎರಡನೇ ವರ್ಷದ ದರ. ಬಾಯಲ್ಲಿ ಹೇಳಿದ್ದನ್ನು ಇಮೇಲ್‌ನಲ್ಲೂ ಕಳಿಸಿ ಅಂದೆ. ಸರ್ವರ್ ಮುಂಬೈಯಲ್ಲಿರುವುದನ್ನೇ ಆರಿಸಿದೆ. ನಮ್ಮ ಗಿರಾಕಿಗಳು ಜಾಸ್ತಿ ಬೆಂಗಳೂರಿನವರು, ದೂರದ ದೇಶದ ಸರ್ವರ್ ಆದರೆ ಪುಟ ತೆರೆಯಲು ತಡವಾಗುತ್ತದೆ. ಒಬ್ಬರು ಎಸ್‌ಎಸ್‌ಎಲ್‌ಗೆ, ಅಂದರೆ ಗಿರಾಕಿಯ ವಿವರ ದಾರಿಯಲ್ಲಿ ಯಾರೂ ಓದದಂತೆ ಕಾಯುವ ಪ್ರಮಾಣಪತ್ರಕ್ಕೆ, ಬೇರೆ ದುಡ್ಡು ಕೇಳಿದರು. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಅದನ್ನು ಪುಕ್ಕಟೆ ಕೊಡುವಾಗ ನಾನು ಯಾಕೆ ಕೊಡಲಿ? ಅವರನ್ನು ಬಿಟ್ಟೆ. ಡೊಮೈನ್ ನನ್ನ ಹೆಸರಲ್ಲಿ, ನನ್ನ ಇಮೇಲ್‌ನಲ್ಲೇ ಇದೆ. ಸೈಟ್ ಮಾಡಿಕೊಡುವವರ ಹೆಸರಲ್ಲಿ ಅದನ್ನು ಬಿಡಬೇಡಿ. ಕೊನೆಗೆ ತೋಟದ ಅಂಚಿನಲ್ಲಿ, ಸಿಗ್ನಲ್ ಒಂದೇ ಕಡ್ಡಿ ಇರುವ ಕಡೆ ನಿಂತು ನಾನೇ ಒಂದು ಆರ್ಡರ್ ಹಾಕಿ ನೋಡಿದೆ. ಫೋಟೋಗಳೇ ಭಾರವಾಗಿದ್ದವು. ಒಂದೊಂದನ್ನೂ 150 ಕೆಬಿ ಒಳಗೆ ಇಳಿಸಿದ ಮೇಲೆ ಪುಟ ಬೇಗ ತೆರೆಯಿತು.

ಆಹಾರ ಮಾರುವವರಿಗೆ ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿ ಮೊದಲೇ ಇತ್ತು. ಅದರ 14 ಅಂಕಿಯ ಸಂಖ್ಯೆಯನ್ನು ಸೈಟ್‌ನಲ್ಲೂ ಹಾಕಿದ್ದೇವೆ. ಉಪ್ಪಿನಕಾಯಿಯನ್ನು ಬೇರೆ ರಾಜ್ಯಕ್ಕೆ ಮಾರಲು ವಹಿವಾಟು ಚಿಕ್ಕದಾದರೂ ಜಿಎಸ್‌ಟಿ ನೋಂದಣಿ ಬೇಕು. ಹಾಗಾಗಿ ಸದ್ಯಕ್ಕೆ ಕರ್ನಾಟಕದ ವಿಳಾಸಗಳಿಗೆ ಮಾತ್ರ ಕಳಿಸುವಂತೆ ಸೆಟ್ಟಿಂಗ್ ಮಾಡಿದ್ದೇನೆ.

ಈ ಸಲದ ಮಿಡಿಗೆ 60 ಜಾಡಿ ಅಂತ ಸ್ಟಾಕ್ ಬರೆದಿಟ್ಟೆ. ಅಷ್ಟು ಮುಗಿದ ಕೂಡಲೇ ಅಂಗಡಿ ತಾನಾಗಿಯೇ ಆರ್ಡರ್ ನಿಲ್ಲಿಸಿತು. ಅತ್ತೆ ಫೋನ್ ಕೆಳಗಿಟ್ಟು ನೆಮ್ಮದಿಯಾಗಿ ಹಪ್ಪಳ ಒತ್ತಲು ಕೂತರು.